ಫೋಮೋ ಮತ್ತು ಆತ್ಮಗೌರವ: ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಡಿಗ್ರಿ, ಇಂಜಿನಿಯರಿಂಗ್, ಎಂ.ಎ., ಎಂ.ಎಸ್ಸಿ. ಓದುತ್ತಿರುವವರು ಕ್ಲಾಸ್ ಮುಗಿದ ಮೇಲೆ ಕಾರಿಡಾರಿನಲ್ಲಿ ನಿಂತು, ಕೆಲವೊಮ್ಮೆ ರಾತ್ರಿ ಮೆಸೇಜ್ ಮಾಡಿ ಕೇಳುವ ಪ್ರಶ್ನೆಗಳಿವು. ಆದಷ್ಟು ಅವರ ಮಾತಿನಲ್ಲೇ ಇಟ್ಟಿದ್ದೇನೆ. ನಾನು ಪಾಠ ಹೇಳುವವಳು, ಮನೋವೈದ್ಯೆಯಲ್ಲ. ವೈದ್ಯರ ಸಹಾಯ ಯಾವಾಗ ಬೇಕು ಅನ್ನುವುದು ಪುಟದ ಕೊನೆಯ ಭಾಗದಲ್ಲಿದೆ. ಈಗಲೇ ತುಂಬಾ ಕಷ್ಟದಲ್ಲಿದ್ದರೆ ಮೊದಲು ಅದನ್ನೇ ಓದಿ, ಇಲ್ಲವೇ ನೇರವಾಗಿ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ.

ಫೋಮೋ ಅಂತ ಎಲ್ಲರೂ ಹೇಳ್ತಾರೆ. ನಿಜವಾಗಿ ಏನದು?

ಬೇರೆಯವರೆಲ್ಲ ಎಲ್ಲೋ ಏನೋ ಚೆನ್ನಾಗಿರುವುದನ್ನು ಅನುಭವಿಸುತ್ತಿದ್ದಾರೆ, ನಾನು ಮಾತ್ರ ಅಲ್ಲಿಲ್ಲ ಅನ್ನುವ ಕಳವಳ. ಅದರ ಜೊತೆಗೆ, ಅವರು ಏನು ಮಾಡುತ್ತಿದ್ದಾರೆ ಅಂತ ಸದಾ ಗೊತ್ತಿರಬೇಕು ಅನ್ನುವ ತುಡಿತ. ಎರಡೂ ಸೇರಿದರೆ ಫೋಮೋ, ಅಂದರೆ ಫಿಯರ್ ಆಫ್ ಮಿಸ್ಸಿಂಗ್ ಔಟ್ (FOMO), ತಪ್ಪಿಹೋಗುತ್ತದೆ ಅನ್ನುವ ಭಯ.

2004ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ವಿದ್ಯಾರ್ಥಿ ಪತ್ರಿಕೆಯಲ್ಲಿ ಪ್ಯಾಟ್ರಿಕ್ ಮೆಕ್‌ಗಿನ್ನಿಸ್ ಎಂಬ ವಿದ್ಯಾರ್ಥಿ ಇದರ ಬಗ್ಗೆ ಬರೆದರು. ಆಗ ಇನ್‌ಸ್ಟಾಗ್ರಾಂ ಇರಲಿಲ್ಲ, ಅದು ಶುರುವಾದದ್ದು 2010ರಲ್ಲಿ. ಅಂದರೆ ಈ ಕಳವಳವನ್ನು ಹುಟ್ಟಿಸಿದ್ದು ಫೋನಲ್ಲ. ಆದರೆ ಮೊದಲು ಮರುದಿನ ಕ್ಯಾಂಟೀನಿನಲ್ಲಿ ಕಿವಿಗೆ ಬೀಳುತ್ತಿದ್ದ ಸುದ್ದಿ ಈಗ ಅದೇ ಹೊತ್ತಿಗೆ, ಫೋಟೋ ಸಮೇತ, ಹಾಸಿಗೆಯಲ್ಲಿ ಮಲಗಿರುವಾಗಲೇ ಬರುತ್ತದೆ.

2013ರಲ್ಲಿ ಮನಶ್ಶಾಸ್ತ್ರಜ್ಞ ಆಂಡ್ರ್ಯೂ ಷಿಬಿಲ್ಸ್ಕಿ ಮತ್ತು ಸಂಗಡಿಗರು ಫೋಮೋ ಅಳೆಯಲು 10 ವಾಕ್ಯಗಳ ಪ್ರಶ್ನಾವಳಿ ಮಾಡಿದರು. ಅವರು ಕಂಡುಕೊಂಡದ್ದರಲ್ಲಿ ನನಗೆ ಬಹಳ ಮುಖ್ಯ ಅನಿಸುವುದು ಒಂದು. ತನ್ನ ಬದುಕಿನಲ್ಲಿ ತನ್ನ ಮಾತು ನಡೆಯುತ್ತದೆ, ತನ್ನ ಕೈಲಿ ಏನಾದರೂ ಆಗುತ್ತದೆ, ತನ್ನವರು ಅಂತ ಕೆಲವರಿದ್ದಾರೆ: ಈ ಮೂರು ಭಾವನೆ ಯಾರಲ್ಲಿ ಕಡಿಮೆಯೋ ಅವರಲ್ಲಿ ಫೋಮೋ ಜಾಸ್ತಿ. ಹಾಗಾಗಿ ಬರೀ ಫೋನ್ ಬಗ್ಗೆ ಬುದ್ಧಿ ಹೇಳಿ ಕಳಿಸುವುದು ಅರ್ಧ ಉತ್ತರ. ಆ ಮೂರರಲ್ಲಿ ಯಾವುದು ಕಡಿಮೆಯಾಗಿದೆ ಅಂತ ಕೇಳಬೇಕು.

ಇದು ಹೊಟ್ಟೆಕಿಚ್ಚಲ್ವಾ? ಹೇಳಿಕೊಳ್ಳೋಕೆ ನಾಚಿಕೆ ಆಗತ್ತೆ.

ಅಲ್ಲ. ಹೊಟ್ಟೆಕಿಚ್ಚಿನಲ್ಲಿ ಅವನಿಗೆ ಸಿಕ್ಕಿದ್ದು ಸಿಗಬಾರದಿತ್ತು ಅನಿಸುತ್ತದೆ. ಇಲ್ಲಿ ಹಾಗಲ್ಲ. ಗೆಳತಿಯರು ಮುಳ್ಳಯ್ಯನಗಿರಿಗೆ ಹೋಗಿ ಫೋಟೋ ಹಾಕಿದಾಗ ಅವರು ಹೋಗಬಾರದಿತ್ತು ಅಂತ ನಿಮಗನಿಸಲಿಲ್ಲ. ನನ್ನನ್ನು ಯಾಕೆ ಕರೆಯಲಿಲ್ಲ, ನಾನು ಇವರಿಗೆ ಬೇಡವಾದೆನಾ ಅನಿಸಿತು. ಅದು ಸೇರಿಕೊಳ್ಳಬೇಕು ಅನ್ನುವ ಆಸೆ. ಅದಕ್ಕೆ ನಾಚಿಕೆ ಯಾಕೆ?

ಪಿಯುಸಿವರೆಗೆ ಚೆನ್ನಾಗೇ ಇದ್ದೆ. ಇಲ್ಲಿಗೆ ಬಂದಮೇಲೆ ನಾನು ಏನೂ ಅಲ್ಲ ಅನಿಸೋಕೆ ಶುರುವಾಗಿದೆ. ಯಾಕೆ?

ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ತಮ್ಮ ಶಾಲೆಗೆ ಮೊದಲಿಗರು. ಊರಿನಲ್ಲಿ ಅಂಗಡಿಯವರಿಗೂ ಇವರ ಮಾರ್ಕ್ಸ್ ಗೊತ್ತು. ಹೈಸ್ಕೂಲಿನ ಬೋರ್ಡಿನಲ್ಲಿ ಹೆಸರು ಬರೆದಿದೆ. ಇಲ್ಲಿ ಬಂದು ನೋಡಿದರೆ ಅಕ್ಕಪಕ್ಕ ಕೂತ ಅರವತ್ತೂ ಜನ ಅವರವರ ಊರಿನ ಮೊದಲಿಗರೇ.

ತನ್ನ ಸಾಮರ್ಥ್ಯವನ್ನು ಅಳೆಯಲು ಬೇರೆ ಅಳತೆ ಇಲ್ಲದಾಗ ಮನುಷ್ಯ ತನ್ನಂಥವರ ಜೊತೆ ಹೋಲಿಸಿಕೊಳ್ಳುತ್ತಾನೆ ಅಂತ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲೇ ಬರೆದಿದ್ದರು. ನೀವು ಕುಗ್ಗಿಲ್ಲ, ಹೋಲಿಸಿಕೊಳ್ಳುವ ಗುಂಪು ಬದಲಾಗಿದೆ. ಅದೂ ಒಂದೇ ತಿಂಗಳಲ್ಲಿ. ಮನೆಯಿಂದ ದೂರ, ಹೊಸ ಊಟ, ಹೊಸ ರೂಮ್‌ಮೇಟ್, ಮೊದಲ ಇಂಟರ್ನಲ್ಸ್‌ನಲ್ಲಿ ಇದುವರೆಗೆ ಕಂಡೇ ಇರದಷ್ಟು ಕಡಿಮೆ ಅಂಕ. ಇಷ್ಟೆಲ್ಲ ಒಟ್ಟಿಗೆ ಬಂದಾಗ ಯಾರಿಗಾದರೂ ತನ್ನ ಬಗ್ಗೆ ಅನುಮಾನ ಬರುತ್ತದೆ.

ಇನ್ನೊಂದು ಗಮನಿಸಿದ್ದೇನೆ. ಶಂಕರಘಟ್ಟದಲ್ಲೋ (ಕುವೆಂಪು ವಿಶ್ವವಿದ್ಯಾಲಯ) ಕೊಣಾಜೆಯಲ್ಲೋ (ಮಂಗಳೂರು ವಿಶ್ವವಿದ್ಯಾಲಯ) ಓದುತ್ತಿರುವವರಿಗೆ ಎಲ್ಲಾ ನಡೆಯುತ್ತಿರುವುದು ಬೆಂಗಳೂರಿನಲ್ಲಿ ಅನಿಸುತ್ತದೆ. ಬೆಂಗಳೂರಿನ ಪಿಜಿಯಲ್ಲಿರುವವರು ಭದ್ರಾ ಕಡೆಯ ಕ್ಯಾಂಪಸ್ಸಿನ ಮಳೆಯ ರೀಲ್ಸ್ ನೋಡಿ, ಕಾಲೇಜು ಜೀವನ ಅಂದರೆ ಅದು ಅನ್ನುತ್ತಾರೆ.

ಕನ್ನಡ ಮೀಡಿಯಂನಿಂದ ಬಂದವನು. ಕ್ಲಾಸಿನಲ್ಲಿ ಬಾಯಿ ಬಿಡೋಕೆ ಭಯ. ಇದು ಕೂಡ ಆತ್ಮಗೌರವದ ಸಮಸ್ಯೆನಾ?

ಆಗಿಬಿಡುತ್ತದೆ. ಶುರುವಾಗುವುದು ಭಾಷೆಯಿಂದ. ಉತ್ತರ ಗೊತ್ತಿರುತ್ತದೆ. ಮನಸ್ಸಿನಲ್ಲಿ ವಾಕ್ಯ ಜೋಡಿಸುವಷ್ಟರಲ್ಲಿ ಮುಂದಿನ ಬೆಂಚಿನವರು ಹೇಳಿ ಮುಗಿಸಿರುತ್ತಾರೆ. ಅದೇ ಉತ್ತರ. ಹೀಗೆ ಹತ್ತು ಸಲ ಆದರೆ "ನಾನು ನಿಧಾನ" ಅನಿಸುತ್ತದೆ, ಇಪ್ಪತ್ತು ಸಲ ಆದರೆ "ನಾನು ದಡ್ಡ" ಅನಿಸುತ್ತದೆ. ಆಮೇಲೆ ಸೆಮಿನಾರ್ ಕೊಡುವ ದಿನ ರಜೆ ಹಾಕುವುದು, ಫೆಸ್ಟ್‌ಗೆ ಹೆಸರು ಕೊಡದಿರುವುದು, ಗ್ರೂಪಿನಲ್ಲಿ ಇಂಗ್ಲಿಷಿನ ಜೋಕಿಗೆ ಸುಮ್ನೆ ಒಂದು ಇಮೋಜಿ ಹಾಕಿ ಕೂರುವುದು. ಅಲ್ಲಿಗೆ ಎಲ್ಲದರಿಂದ ಹೊರಗೆ ಉಳಿದಿದ್ದೀರಿ, ಫೋಮೋ ತಾನಾಗಿ ಬರುತ್ತದೆ.

ಕೆಲಸಕ್ಕೆ ಬರುವುದನ್ನಷ್ಟೇ ಹೇಳುತ್ತೇನೆ. ಡೌಟ್ ಇದ್ದರೆ ಕನ್ನಡದಲ್ಲೇ ಕೇಳಿ. ಕ್ಲಾಸಿನಲ್ಲಿ ಆಗದಿದ್ದರೆ ಮುಗಿದ ಮೇಲೆ ಹೋಗಿ ಕೇಳಿ. ಸೆಮಿನಾರ್ ಇದ್ದರೆ ಮೊದಲ ನಾಲ್ಕು ವಾಕ್ಯ ಬರೆದು ಬಾಯಿಪಾಠ ಮಾಡಿ, ಭಯ ಇರುವುದು ಅಷ್ಟರವರೆಗೆ ಮಾತ್ರ. ಮಾತಾಡಿ ಅಭ್ಯಾಸ ಮಾಡಲು ಚೆನ್ನಾಗಿ ಇಂಗ್ಲಿಷ್ ಬರುವವರೇ ಬೇಕಿಲ್ಲ. ನಿಮ್ಮಷ್ಟೇ ಬರುವ ಒಬ್ಬ ಗೆಳೆಯ ಸಾಕು, ಅವನ ಮುಂದೆ ತಪ್ಪು ಮಾಡಲು ಸಂಕೋಚ ಇರುವುದಿಲ್ಲ. ಉಚ್ಚಾರಣೆ ಕೇಳಿ ಯಾರಾದರೂ ನಕ್ಕರೆ ಅದನ್ನು ತಡೆಯಬೇಕಾದವರು ಪಾಠ ಮಾಡುತ್ತಿರುವ ನಾವು. ಆ ಹೊರೆಯನ್ನು ನೀವು ಹೊರಬೇಡಿ.

ಆತ್ಮಗೌರವ ಕಡಿಮೆ ಇರೋದ್ರಿಂದ ಫೋಮೋ ಬರುತ್ತಾ, ಫೋಮೋದಿಂದ ಆತ್ಮಗೌರವ ಕುಗ್ಗುತ್ತಾ?

ಎರಡೂ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ ಅನ್ನುವುದನ್ನು ಅನೇಕ ಅಧ್ಯಯನಗಳು ತೋರಿಸಿವೆ. ಆದರೆ ಹೆಚ್ಚಿನವು ಒಂದೇ ಸಲ ಪ್ರಶ್ನಾವಳಿ ಕೊಟ್ಟು ಮಾಡಿದವು. ಅಂಥ ಅಧ್ಯಯನದಿಂದ ಯಾವುದು ಮೊದಲು ಬಂತು ಅಂತ ಹೇಳಲಾಗದು. ವಿದ್ಯಾರ್ಥಿಗಳನ್ನು ನೋಡಿದರೆ ಅದು ಸುತ್ತು ಹಾಕುವಂತೆ ಕಾಣುತ್ತದೆ. ತನ್ನ ಬಗ್ಗೆ ಸಮಾಧಾನ ಇಲ್ಲದಾಗ ಬೇರೆಯವರ ಸ್ಟೋರಿ ನೋಡುತ್ತೇವೆ, ನೋಡಿದ ಮೇಲೆ ಇದ್ದ ಸಮಾಧಾನವೂ ಹೋಗುತ್ತದೆ, ಮತ್ತೆ ನೋಡುತ್ತೇವೆ. ಸುತ್ತಿನಲ್ಲಿ ಎಲ್ಲಿ ಕೈ ಹಾಕಿದರೂ ಪರವಾಗಿಲ್ಲ, ಸುಲಭವಾಗಿ ಸಿಗುವ ಕಡೆ ಕೈ ಹಾಕಿ.

ನನ್ನ ಆತ್ಮಗೌರವ ಎಷ್ಟಿದೆ ಅಂತ ಟೆಸ್ಟ್ ಮಾಡ್ಕೋಬಹುದಾ?

ಜಾಸ್ತಿ ಬಳಕೆಯಲ್ಲಿರುವುದು ಮಾರಿಸ್ ರೋಸೆನ್‌ಬರ್ಗ್ ಅವರ ಮಾಪನ. 1965ರದ್ದು. ಮೊದಲು ಮಾಡಿದ್ದು ನ್ಯೂಯಾರ್ಕ್ ರಾಜ್ಯದ ಹೈಸ್ಕೂಲ್ ಮಕ್ಕಳಿಗಾಗಿ. ತನ್ನ ಬಗ್ಗೆ ತನಗೆ ಏನನಿಸುತ್ತದೆ ಅನ್ನುವ 10 ವಾಕ್ಯಗಳು, ಪ್ರತಿಯೊಂದಕ್ಕೂ ಪೂರ್ತಿ ಒಪ್ಪುತ್ತೇನೆ ಎಂಬುದರಿಂದ ಸ್ವಲ್ಪವೂ ಒಪ್ಪುವುದಿಲ್ಲ ಎಂಬವರೆಗೆ ನಾಲ್ಕು ಆಯ್ಕೆ. ಐದು ನಿಮಿಷದಲ್ಲಿ ಮುಗಿಯುತ್ತದೆ. ಆದರೆ ಅದು ರೋಗ ಪತ್ತೆ ಮಾಡುವ ಪರೀಕ್ಷೆಯಲ್ಲ. ಇಂಟರ್ನಲ್ಸ್ ರಿಸಲ್ಟ್ ಬಂದ ರಾತ್ರಿ ಕೂತು ತುಂಬಬೇಡಿ. ಬಂದ ಅಂಕವನ್ನು ಗೆಳೆಯರ ಅಂಕದ ಜೊತೆ ಹೋಲಿಸಬೇಡಿ.

ಎಲ್ಲರಿಗೂ ನನಗಿಂತ ಜಾಸ್ತಿ ಫ್ರೆಂಡ್ಸ್ ಇದ್ದಾರೆ. ನನ್ನಲ್ಲೇ ಏನೋ ಕೊರತೆ ಇರಬೇಕಲ್ವಾ?

ಇದಕ್ಕೆ ಒಂದು ಲೆಕ್ಕ ಇದೆ, ನನಗೆ ತುಂಬಾ ಇಷ್ಟವಾದದ್ದು. ಸ್ಕಾಟ್ ಫೆಲ್ಡ್ ಎಂಬ ಸಮಾಜಶಾಸ್ತ್ರಜ್ಞರು 1991ರಲ್ಲಿ ತೋರಿಸಿದ್ದು.

ಒಂದು ರೂಮಿನಲ್ಲಿ ಐದು ಜನ ಅಂದುಕೊಳ್ಳಿ. ಅವರಲ್ಲಿ ಒಬ್ಬನಿಗೆ ಉಳಿದ ನಾಲ್ವರೂ ಸ್ನೇಹಿತರು. ಆ ನಾಲ್ವರಿಗೆ ಅವನೊಬ್ಬನೇ ಸ್ನೇಹಿತ. ಈಗ ಆ ನಾಲ್ವರಲ್ಲಿ ಯಾರನ್ನು ಬೇಕಾದರೂ ಕೇಳಿ: "ನಿನ್ನ ಸ್ನೇಹಿತನಿಗೆ ಎಷ್ಟು ಜನ ಸ್ನೇಹಿತರು?" ನಾಲ್ಕು. "ನಿನಗೆ?" ಒಬ್ಬ. ಐದರಲ್ಲಿ ನಾಲ್ಕು ಜನ ತಾವೇ ಕಡಿಮೆ ಅಂದುಕೊಂಡಿದ್ದಾರೆ. ಯಾರಲ್ಲೂ ಕೊರತೆ ಇಲ್ಲ. ತುಂಬಾ ಸ್ನೇಹಿತರಿರುವವನು ತುಂಬಾ ಜನರ ಪಟ್ಟಿಯಲ್ಲಿ ಇರುತ್ತಾನೆ, ಅಷ್ಟೇ. ಇನ್‌ಸ್ಟಾಗ್ರಾಂನಲ್ಲಿ ನೀವು ಫಾಲೋ ಮಾಡುವವರ ಫಾಲೋವರ್ ಸಂಖ್ಯೆ ನಿಮ್ಮದಕ್ಕಿಂತ ದೊಡ್ಡದಾಗಿ ಕಾಣುವುದೂ ಇದೇ ಕಾರಣಕ್ಕೆ. ಅದರ ಮೇಲೆ, ಜಾಸ್ತಿ ಹೊರಗೆ ಓಡಾಡುವವರೇ ಜಾಸ್ತಿ ಸ್ಟೋರಿ ಹಾಕುತ್ತಾರೆ. ಶನಿವಾರ ಸಂಜೆ ರೂಮಿನಲ್ಲಿ ಬಟ್ಟೆ ಒಗೆದು ಮಲಗಿದವರು ಏನನ್ನು ಹಾಕಿಯಾರು?

ಆದರೂ ಎಲ್ಲರೂ ಖುಷಿಯಾಗಿರೋ ಹಾಗೇ ಕಾಣ್ತಾರಲ್ಲ?

ಕಾಣುತ್ತಾರೆ. ನೀವೂ ಅವರಿಗೆ ಹಾಗೇ ಕಾಣುತ್ತೀರಿ. ಸ್ಟ್ಯಾನ್‌ಫರ್ಡ್‌ನಲ್ಲಿ ಅಲೆಕ್ಸಾಂಡರ್ ಜೋರ್ಡನ್ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಹೊರಬಂತು. ಸಹಪಾಠಿಗಳಿಗೆ ಎಷ್ಟು ಬೇಸರ, ನೋವು ಇದೆ ಅನ್ನುವುದನ್ನು ವಿದ್ಯಾರ್ಥಿಗಳು ಕಡಿಮೆ ಅಂದಾಜು ಮಾಡುತ್ತಾರೆ. ಯಾಕೆಂದರೆ ಅಳುವುದು ಒಬ್ಬರೇ ಇದ್ದಾಗ, ನಗುವುದು ನಾಲ್ಕು ಜನರ ಮಧ್ಯೆ. ಎಲ್ಲರ ಮನೆ ದೋಸೆಯೂ ತೂತು ಅಂತ ಊರಿನಲ್ಲಿ ಕೇಳಿ ಬೆಳೆದ ನಾವೂ ಹಾಸ್ಟೆಲ್ ಸೇರಿದ ಮೇಲೆ ಅದನ್ನು ನಂಬುವುದನ್ನು ಬಿಟ್ಟಿದ್ದೇವೆ.

ಇನ್‌ಸ್ಟಾಗ್ರಾಂ ಡಿಲೀಟ್ ಮಾಡಿದರೆ ಸರಿಹೋಗುತ್ತಾ?

ಸ್ವಲ್ಪ ಸರಿಹೋಗುತ್ತದೆ. ಪೂರ್ತಿ ಅಲ್ಲ.

2018ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೆಲಿಸ್ಸಾ ಹಂಟ್ ಮತ್ತು ಸಂಗಡಿಗರು 143 ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಗುಂಪಿನವರು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್ ಮೂರನ್ನೂ ದಿನಕ್ಕೆ ತಲಾ 10 ನಿಮಿಷ ಮಾತ್ರ ನೋಡಬೇಕು. ಇನ್ನೊಂದು ಗುಂಪಿನವರು ಎಂದಿನಂತೆ. ಮೂರು ವಾರದ ನಂತರ ಕಡಿಮೆ ನೋಡಿದವರಲ್ಲಿ ಒಂಟಿತನ, ಖಿನ್ನತೆ ಎರಡೂ ಇಳಿದಿದ್ದವು. ಕುತೂಹಲದ ವಿಷಯ ಅಂದರೆ ಫೋಮೋ ಮತ್ತು ಆತಂಕ ಎರಡೂ ಗುಂಪಿನಲ್ಲಿ ಇಳಿದಿದ್ದವು. ಎಂದಿನಂತೆ ನೋಡುತ್ತಿದ್ದವರೂ ಎಷ್ಟು ಹೊತ್ತು ನೋಡಿದೆವು ಅನ್ನುವುದರ ಸ್ಕ್ರೀನ್‌ಶಾಟ್ ಕಳಿಸಬೇಕಿತ್ತು. ತನ್ನ ಮೇಲೆ ತಾನೇ ಕಣ್ಣಿಟ್ಟದ್ದು ಕೂಡ ಕೆಲಸ ಮಾಡಿತು ಅಂತ ಸಂಶೋಧಕರ ಅಂದಾಜು. ಹಾಗಾಗಿ ಮೊದಲ ಹೆಜ್ಜೆ ಸುಲಭ: ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸ್ಕ್ರೀನ್ ಟೈಮ್ ಇದೆ, ದಿನಾ ರಾತ್ರಿ ಒಮ್ಮೆ ನೋಡಿ.

ಪೂರ್ತಿ ಬಿಡುವುದು ನಮ್ಮ ವಿದ್ಯಾರ್ಥಿಗಳಿಗೆ ಕಷ್ಟ ಅನ್ನುವುದೂ ಗೊತ್ತು. ಟೈಮ್‌ಟೇಬಲ್, ಹಾಲ್‌ಟಿಕೆಟ್, ಫೀಸ್ ಕಟ್ಟುವ ಕೊನೆ ದಿನ ಎಲ್ಲವೂ ವಾಟ್ಸಾಪ್ ಗ್ರೂಪಿನಲ್ಲೇ ಬರುತ್ತದೆ. ಬಿಡಬೇಕಿಲ್ಲ, ಸೋಸಿಕೊಳ್ಳಿ. ನೋಡಿದ ತಕ್ಷಣ ಮನಸ್ಸು ಕೆಡುವ ಒಂದಿಬ್ಬರ ಸ್ಟೇಟಸ್ ಮತ್ತು ಸ್ಟೋರಿ ಮ್ಯೂಟ್ ಮಾಡಿ. ಅವರಿಗೆ ಗೊತ್ತಾಗುವುದಿಲ್ಲ, ಸ್ನೇಹವೂ ಕೆಡುವುದಿಲ್ಲ. ನೀಲಿ ಟಿಕ್ ಬಂದೂ ಉತ್ತರ ಬರಲಿಲ್ಲ ಅಂತ ಕಾಯುವ ಅಭ್ಯಾಸ ಇದ್ದರೆ ಅದನ್ನು ಆಫ್ ಮಾಡಿ. ಇನ್‌ಸ್ಟಾಗ್ರಾಂನಲ್ಲಿ ಲೈಕ್ ಸಂಖ್ಯೆ ಮರೆಮಾಡುವ ಆಯ್ಕೆ 2021ರಿಂದ ಇದೆ. ಫೋನನ್ನು ಮಲಗುವ ಜಾಗದಿಂದ ಕೈಗೆಟುಕದ ಕಡೆ ಚಾರ್ಜ್‌ಗೆ ಹಾಕಿ. ಕಡಿಮೆ ಮಾಡಿದ ಆ ಹೊತ್ತಿನಲ್ಲಿ ಏನು ಮಾಡುತ್ತೀರಿ ಅನ್ನುವುದು ಇದೆಲ್ಲಕ್ಕಿಂತ ಮುಖ್ಯ. ಖಾಲಿ ಬಿಟ್ಟರೆ ಎರಡೇ ದಿನದಲ್ಲಿ ಮತ್ತೆ ಅಲ್ಲೇ ಇರುತ್ತೀರಿ. ಸಂಜೆ ವಾಲಿಬಾಲ್ ಆಡುವ ಗುಂಪು, ಎನ್ಎಸ್ಎಸ್, ನಾಟಕದ ರಿಹರ್ಸಲ್, ಲೈಬ್ರರಿಯಿಂದ ಒಟ್ಟಿಗೆ ವಾಪಸ್ ನಡೆದು ಬರುವ ಒಬ್ಬ ಗೆಳತಿ. ವಾರ ವಾರವೂ ಅದೇ ಮುಖಗಳು ಸಿಗುವಂಥದ್ದು ಯಾವುದಾದರೂ ಒಂದು ಇರಲಿ.

ಪ್ಲೇಸ್‌ಮೆಂಟ್ ಲಿಸ್ಟ್ ಬಂದ ರಾತ್ರಿಗಳನ್ನು ಹೇಗೆ ಕಳೆಯೋದು?

ಫೈನಲ್ ಇಯರ್‌ನವರ ಪ್ರಶ್ನೆ. ಆ ರಾತ್ರಿ ಹೇಗಿರುತ್ತದೆ ಅಂತ ಅವರ ಬಾಯಿಂದ ಕೇಳಿದ್ದೇನೆ. ಒಂಬತ್ತು ಗಂಟೆ ಹೊತ್ತಿಗೆ ಗ್ರೂಪಿಗೆ ಪಿಡಿಎಫ್ ಬೀಳುತ್ತದೆ. ಹೆಸರು ನೋಡುವಷ್ಟು ತಾಳ್ಮೆ ಇರುವುದಿಲ್ಲ, ಯುಎಸ್ಎನ್‌ನ (ವಿಶ್ವವಿದ್ಯಾಲಯ ಕೊಟ್ಟ ನೋಂದಣಿ ಸಂಖ್ಯೆಯ) ಕೊನೆಯ ಮೂರು ಅಂಕಿ ಹುಡುಕುತ್ತಾರೆ. 041 ಇದೆ, 043 ಇದೆ, 042 ಇಲ್ಲ. ಮೇಲಿನಿಂದ ಮತ್ತೆ ನೋಡುತ್ತಾರೆ. ಅಷ್ಟರಲ್ಲಿ ಕಂಗ್ರಾಟ್ಸ್ ಸ್ಟಿಕ್ಕರ್‌ಗಳು ಶುರು. ರೂಮಿನಲ್ಲೇ ಒಬ್ಬನಿಗೆ ಆಗಿದೆ, ಅವನು ಮನೆಗೆ ಫೋನ್ ಮಾಡುತ್ತಿದ್ದಾನೆ. ತನ್ನ ಮನೆಯಿಂದ ಫೋನ್ ಬರುತ್ತಿದೆ, ಎತ್ತಲು ಕೈ ಬರುತ್ತಿಲ್ಲ.

ಆ ಹೊತ್ತಿಗೆ ಉಪದೇಶ ಯಾರಿಗೂ ಬೇಡ. ಮನೆಯ ಫೋನ್ ಎತ್ತಿ "ಆಗಿಲ್ಲಮ್ಮ, ನಾಳೆ ಮಾತಾಡ್ತೀನಿ" ಅಂತ ಹೇಳಿ ಇಡಿ. ಹೇಳದೇ ಇದ್ದರೆ ಅವರು ರಾತ್ರಿಯೆಲ್ಲ ಕಾಯುತ್ತಾರೆ. ಗ್ರೂಪಿನಲ್ಲಿ ಅಭಿನಂದನೆ ಬೆಳಗ್ಗೆ ಹೇಳಿದರೂ ಆಗುತ್ತದೆ. ಲಿಂಕ್ಡ್‌ಇನ್ ತೆಗೆಯಬೇಡಿ. ಊಟ ಮಾಡಿ. ಆಗದೇ ಇದ್ದ ಇನ್ನೊಬ್ಬನ ರೂಮಿಗೆ ಹೋಗಿ ಕೂತುಕೊಳ್ಳಿ. ಅವನು ಎದ್ದು ನಿಮ್ಮ ಹತ್ತಿರ ಬರಲಾರದೆ ಕೂತಿರುತ್ತಾನೆ.

ಎರಡು ದಿನ ಬಿಟ್ಟು, ಆಯ್ಕೆಯಾದವರ ಹತ್ತಿರ ಹೋಗಿ ಇಂಟರ್ವ್ಯೂನಲ್ಲಿ ಏನೇನು ಕೇಳಿದರು ಅಂತ ಬರೆದುಕೊಳ್ಳಿ. ಹೆಚ್ಚಿನವರು ಖುಷಿಯಿಂದ ಹೇಳುತ್ತಾರೆ.

ಯಾಕೆ ಇಷ್ಟು ನೋವಾಗುತ್ತದೆ ಅನ್ನುವುದಕ್ಕೂ ಒಂದು ಮಾತು. ಮಿಚಿಗನ್ ವಿಶ್ವವಿದ್ಯಾಲಯದ ಜೆನಿಫರ್ ಕ್ರಾಕರ್ ಮತ್ತು ಸಂಗಡಿಗರು ಮುಂದಿನ ಓದಿಗೆ ಅರ್ಜಿ ಹಾಕಿದ ವಿದ್ಯಾರ್ಥಿಗಳನ್ನು ಗಮನಿಸಿ 2002ರಲ್ಲಿ ಬರೆದರು. ಸೀಟು ಸಿಕ್ಕಿತು ಅಥವಾ ಇಲ್ಲ ಅನ್ನುವ ಪತ್ರ ಬಂದ ದಿನ, ತಮ್ಮ ಬೆಲೆಯನ್ನು ಓದಿನ ಮೇಲೆಯೇ ನಿಲ್ಲಿಸಿಕೊಂಡವರ ಆತ್ಮಗೌರವ ಉಳಿದವರಿಗಿಂತ ಜಾಸ್ತಿ ಏರಿತು, ಜಾಸ್ತಿ ಇಳಿಯಿತು. ನಾಲ್ಕು ವರ್ಷ ಕಾಲೇಜು, ಮನೆ, ಊರು ಎಲ್ಲರೂ ಸೇರಿ ಪ್ಯಾಕೇಜ್ ಒಂದರ ಮೇಲೆಯೇ ನಿಮ್ಮ ಬೆಲೆ ನಿಲ್ಲಿಸಿದರೆ ಆ ಪಿಡಿಎಫ್ ಅಷ್ಟು ಭಾರ ಆಗದೇ ಇರುತ್ತದಾ? ಇದು ನಿಮ್ಮ ಮನಸ್ಸಿನ ದೌರ್ಬಲ್ಯ ಅಂತ ನಾನು ಒಪ್ಪುವುದಿಲ್ಲ. ಆಯ್ಕೆಯಾದವರ ಫೋಟೋ ಹಾಕಿ ಗೇಟಿನ ಮುಂದೆ ಫ್ಲೆಕ್ಸ್ ನಿಲ್ಲಿಸುವ ಕಾಲೇಜುಗಳು ಉಳಿದವರು ದಿನಾ ಅದರ ಮುಂದೆಯೇ ಹಾದುಹೋಗುತ್ತಾರೆ ಅಂತ ಯೋಚಿಸಬೇಕು.

ಟ್ರಿಪ್‌ಗೆ ಕರೀತಾರೆ. ದುಡ್ಡಿಲ್ಲ ಅಂತ ಹೇಳೋಕಾಗಲ್ಲ. ಏನು ಹೇಳಲಿ?

"ಈ ಸಲ ಬಜೆಟ್ ಇಲ್ಲ ಮಗಾ, ನೀವು ಹೋಗಿ ಬನ್ನಿ, ಭಾನುವಾರ ಸಂಜೆ ಚಹಾಕ್ಕೆ ಸಿಗೋಣ." ಇಷ್ಟು ಸಾಕು. ಹುಷಾರಿಲ್ಲ, ಅಜ್ಜಿ ಮನೆಗೆ ಹೋಗಬೇಕು ಅಂತ ಸುಳ್ಳು ಹೇಳಿದರೆ ಮುಂದಿನ ಸಲಕ್ಕೆ ಇನ್ನೊಂದು ಸುಳ್ಳು ಬೇಕು. ಕೊನೆಗೆ ಇವನಿಗೆ ನಮ್ಮ ಜೊತೆ ಬರಲು ಇಷ್ಟವಿಲ್ಲ ಅಂತ ಅವರು ಕರೆಯುವುದನ್ನೇ ಬಿಡುತ್ತಾರೆ. ಸಾಲ ಮಾಡಿ ಹೋಗಬೇಡಿ. ಫೋನಿನಲ್ಲಿ ಎರಡೇ ನಿಮಿಷಕ್ಕೆ ಸಾಲ ಕೊಡುವ ಆ್ಯಪ್‌ಗಳ ತಂಟೆಗಂತೂ ಬೇಡವೇ ಬೇಡ.

ಕರೆಯುವವರಿಗೂ ಒಂದು ಮಾತಿದೆ. ತಿಂಗಳಿಗೊಮ್ಮೆಯಾದರೂ ಖರ್ಚಿಲ್ಲದ ಪ್ಲಾನ್ ಮಾಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಓದುವವರಿಗೆ ಕುಕ್ಕರಹಳ್ಳಿ ಕೆರೆ ಪಕ್ಕದಲ್ಲೇ ಇದೆ. ಒಂದು ಸುತ್ತು ಮಾತಾಡುತ್ತಾ ನಡೆದರೆ ಸಂಜೆ ಕಳೆಯುತ್ತದೆ.

ಹಾಸ್ಟೆಲ್ ಗೇಟ್ ಬೇಗ ಮುಚ್ತಾರೆ. ಹುಡುಗರು ರಾತ್ರಿ ಫೆಸ್ಟ್‌ನಲ್ಲಿರ್ತಾರೆ. ಇದನ್ನೂ ಮನಸ್ಸಿನ ಸಮಸ್ಯೆ ಅಂತೀರಾ?

ಖಂಡಿತ ಇಲ್ಲ. ಇದು ಭಯವಲ್ಲ, ನಿಜವಾಗಿಯೂ ತಪ್ಪಿಹೋಗುತ್ತಿರುವುದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಖರ್ಚಿಲ್ಲದೆ ಕಾಲೇಜಿಗೆ ಓಡಾಡಬಹುದು, ತುಂಬಾ ಒಳ್ಳೆಯದಾಯಿತು. ಆದರೆ ಹಳ್ಳಿಯ ಕೊನೆ ಬಸ್ಸಿನ ಸಮಯ ಹಾಗೇ ಇದೆ. ಐದಕ್ಕೆ ಬಸ್ ಹಿಡಿಯಬೇಕಾದವಳಿಗೆ ನಾಲ್ಕೂವರೆಗೆ ಶುರುವಾಗುವ ಪ್ಲೇಸ್‌ಮೆಂಟ್ ಟ್ರೈನಿಂಗ್ ಇದ್ದೂ ಇಲ್ಲದ ಹಾಗೆ. ಹಾಸ್ಟೆಲ್‌ನಲ್ಲಿರುವ ಹುಡುಗಿಗೆ ರಾತ್ರಿಯ ರಿಹರ್ಸಲ್, ಲ್ಯಾಬ್, ಲೈಬ್ರರಿ ಮೂರೂ ಇಲ್ಲ.

ಇಂಥದ್ದಕ್ಕೆ ಮನಸ್ಸು ಗಟ್ಟಿ ಮಾಡಿಕೋ ಅನ್ನುವುದು ತಪ್ಪು. ನಾಲ್ಕೈದು ಜನ ಸೇರಿ ಬರೆದು ಕೊಡಿ: ಟ್ರೈನಿಂಗ್ ಮಧ್ಯಾಹ್ನಕ್ಕೆ ಇಡಿ, ಫೆಸ್ಟ್ ದಿನ ಗೇಟ್ ಸಮಯ ಮುಂದೂಡಿ, ಲೈಬ್ರರಿಯಿಂದ ಹಾಸ್ಟೆಲ್‌ಗೆ ವ್ಯವಸ್ಥೆ ಮಾಡಿ ಅಂತ. ಒಬ್ಬಳೇ ಹೋಗಿ ಕೇಳುವುದಕ್ಕಿಂತ ಸಹಿ ಹಾಕಿದ ಅರ್ಜಿ ಬೇಗ ಓಡುತ್ತದೆ. ಆರಂಭದಲ್ಲಿ ಹೇಳಿದ ಮೂರರಲ್ಲಿ ಮೊದಲನೆಯದು, ನನ್ನ ಮಾತು ನಡೆಯುತ್ತದೆ ಅನ್ನುವುದು, ಹೀಗೂ ಬೆಳೆಯುತ್ತದೆ.

ಮನೆಯಲ್ಲಿ ಯಾವಾಗಲೂ ದೊಡ್ಡಪ್ಪನ ಮಗನ ಜೊತೆ ಹೋಲಿಸ್ತಾರೆ.

ಅವರಿಗೆ ನಿಮ್ಮ ಓದಿನ ಬಗ್ಗೆ ಗೊತ್ತಿರುವುದು ಬಹಳ ಕಡಿಮೆ. ಹೋಲಿಸಲು ಸಿಗುವುದು ಅವನ ಸಂಬಳ ಒಂದೇ. ಜಗಳಕ್ಕಿಂತ, ವಾರಕ್ಕೊಮ್ಮೆ ಫೋನಿನಲ್ಲಿ ಏನು ಓದುತ್ತಿದ್ದೀರಿ, ಯಾವುದು ಕಷ್ಟ, ಯಾವುದು ಇಷ್ಟ ಅಂತ ಹೇಳಿ. ಅಪ್ಪ ಅಮ್ಮ ಇದನ್ನು ಓದುತ್ತಿದ್ದರೆ ಒಂದು ಬೇಡಿಕೆ: ಮಾರ್ಕ್ಸ್ ಕೇಳುವ ಮೊದಲು ಊಟ ಹೇಗಿದೆ, ಜೊತೆಗೆ ಯಾರಿದ್ದಾರೆ ಅಂತ ಕೇಳಿ.

ರೂಮ್‌ಮೇಟ್ ಒಂದು ವಾರದಿಂದ ಮಾತಾಡ್ತಿಲ್ಲ. ನಾನೇನು ಮಾಡಲಿ?

ಪಕ್ಕದಲ್ಲಿ ಕೂತು ನೇರವಾಗಿ ಕೇಳಿ: "ಯಾಕೋ ಸಪ್ಪಗಿದ್ದೀಯ, ಏನಾಯ್ತು?" ಅವಳು ಹೇಳುವಾಗ ಪರಿಹಾರ ಕೊಡಲು ಹೋಗಬೇಡಿ, ಕೇಳಿಸಿಕೊಳ್ಳಿ. ಮೆಸ್‌ಗೆ ಜೊತೆಗೆ ಕರೆದುಕೊಂಡು ಹೋಗಿ. ಸಾಯುವ ಮಾತಾಡಿದರೆ ತಮಾಷೆ ಅಂತ ಬಿಡಬೇಡಿ, ಒಬ್ಬಳನ್ನೇ ಬಿಟ್ಟು ಹೋಗಬೇಡಿ, ವಾರ್ಡನ್‌ಗೋ ನಂಬಿಕೆಯ ಟೀಚರ್‌ಗೋ ಆಗಲೇ ಹೇಳಿ. ಯಾರಿಗೂ ಹೇಳಬೇಡ ಅಂತ ಅವಳು ಆಣೆ ಹಾಕಿಸಿಕೊಂಡಿದ್ದರೂ ಹೇಳಿ.

ಯಾವಾಗ ಡಾಕ್ಟರ್ ಅಥವಾ ಕೌನ್ಸೆಲರ್ ಹತ್ತಿರ ಹೋಗಬೇಕು?

ಎರಡು ವಾರದಿಂದ ಹೆಚ್ಚುಕಡಿಮೆ ದಿನಾ ಮನಸ್ಸು ಕುಗ್ಗಿದ್ದರೆ, ನಿದ್ದೆ ಅಥವಾ ಊಟ ಕೆಟ್ಟಿದ್ದರೆ, ಕ್ಲಾಸಿಗೆ ಹೋಗಲು ಆಗುತ್ತಲೇ ಇಲ್ಲದಿದ್ದರೆ, ಮೊದಲು ಇಷ್ಟವಾಗುತ್ತಿದ್ದ ಯಾವುದೂ ಈಗ ಬೇಡ ಅನಿಸಿದರೆ ಹೋಗಬೇಕು. ಬದುಕಿರುವುದೇ ಬೇಡ ಅನಿಸಿದರೆ ಎರಡು ವಾರ ಕಾಯಬೇಡಿ, ಇವತ್ತೇ.

ಟೆಲಿ ಮಾನಸ್ ಸಹಾಯವಾಣಿ 14416. 2022ರ ಅಕ್ಟೋಬರ್ 10ರಂದು ಶುರುವಾದದ್ದು. ಉಚಿತ, ದಿನದ 24 ಗಂಟೆ, ಕನ್ನಡದಲ್ಲಿ ಮಾತಾಡಬಹುದು. ಜೀವಕ್ಕೆ ಅಪಾಯ ಇದೆ ಅನಿಸಿದರೆ 112. ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲೂ ತೋರಿಸಬಹುದು. ಫೋನ್ ಬಿಡಲಾಗದೇ ಓದು, ನಿದ್ದೆ ಹಾಳಾಗಿರುವವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 'ಶಟ್' ಎಂಬ ಕ್ಲಿನಿಕ್ 2014ರಿಂದ ಇದೆ. ಕರೆ ಮಾಡಿದರೆ ಏನು ಹೇಳುವುದು ಅಂತ ಗೊತ್ತಾಗದಿದ್ದರೆ ಹೀಗೆ ಶುರು ಮಾಡಿ: "ನಾನು ಸ್ಟೂಡೆಂಟ್. ಕೆಲವು ದಿನದಿಂದ ಮನಸ್ಸು ಸರಿಯಿಲ್ಲ." ಮುಂದಿನದನ್ನು ಅವರೇ ಕೇಳುತ್ತಾರೆ.

ಹೋದರೆ ಮನೆಗೆ, ಕಾಲೇಜಿಗೆ ಗೊತ್ತಾಗುತ್ತಾ?

2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಚಿಕಿತ್ಸೆಯ ವಿವರ ಗುಟ್ಟಾಗಿ ಇಡಿಸಿಕೊಳ್ಳುವುದು ನಿಮ್ಮ ಹಕ್ಕು. ನಿಮ್ಮ ಅಥವಾ ಬೇರೆಯವರ ಜೀವಕ್ಕೆ ಅಪಾಯ ಇರುವಂಥ ಕೆಲವು ಸಂದರ್ಭ ಬಿಟ್ಟರೆ ಅವರು ಯಾರಿಗೂ ಹೇಳುವಂತಿಲ್ಲ. ಕಾಲೇಜಿನ ಕೌನ್ಸೆಲರ್ ಹತ್ತಿರ ಹೋದಾಗ ಮೊದಲೇ ಕೇಳಿಬಿಡಿ: "ನಾನು ಹೇಳಿದ್ದು ಎಚ್‌ಒಡಿಗೆ ಹೋಗುತ್ತಾ?" ಅವರು ಕೊಡುವ ಉತ್ತರ ಸಮಾಧಾನ ಕೊಡದಿದ್ದರೆ ಹೊರಗಿನ ಕೌನ್ಸೆಲರ್ ಹತ್ತಿರ ಹೋಗಿ, ಅಥವಾ 14416ಕ್ಕೆ ಕರೆ ಮಾಡಿ.